ಅಟ್ಟಣೆಗೆ ಕಟ್ಟದ ಬಟ್ಟೆ ಚೂರು

ನನ್ನ ಅಕ್ಕನ ಗಂಡ ಚಾವಣಿಗೆ ಬಣ್ಣ ಬಳಿಯುವವನು. ಗೋಡೆಗೆ ಯಾರು ಬೇಕಾದರೂ ಬಳಿಯುತ್ತಾರೆ, ಚಾವಣಿಗೆ ಬಳಿಯೋಕೆ ಕತ್ತು ಗಟ್ಟಿ ಇರಬೇಕು ಎನ್ನುತ್ತ ಮೂವತ್ತು ವರ್ಷ ಮುಖ ಮೇಲೆ ಮಾಡಿಕೊಂಡೇ ದುಡಿದ. ಅವನ ಹುಬ್ಬಿನ ಮೇಲೆ ಯಾವಾಗಲೂ ಎರಡು ಮೂರು ಬಿಳಿ ಚುಕ್ಕೆ ಇರುತ್ತಿದ್ದವು. ಮದುವೆಯ ಫೋಟೋದಲ್ಲೂ ಇವೆ ಎಂದು ಅಕ್ಕ ಹೇಳುತ್ತಾಳೆ, ನಾನು ನೋಡಿದ್ದೇನೆ, ಇವೆ. ಅವನು ಮನೆಗೆ ಬಂದ ಮೊದಲ ದಿನದಿಂದ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸಿದವನು. ಅಕ್ಕ ಬೈದು ಬೈದು ಸಾಕಾಗಿ ಬಿಟ್ಟಳು. ಇದನ್ನು ಬರೆಯುವಾಗಲಾದರೂ ಬಹುವಚನ ಹಾಕೋಣವೆಂದು ನೋಡಿದೆ, ಕೈ ಒಪ್ಪಲಿಲ್ಲ. ಮಾಡಬಾರದ್ದನ್ನು ಮಾಡಿ ಆಮೇಲೆ ಮರ್ಯಾದೆ ಕೊಟ್ಟರೆ ಏನು ಬಂತು.

ನಾನು ವೈರಿಂಗ್ ಕೆಲಸದವನು. ಫ್ಯಾನು, ದೀಪ, ಪೈಪು, ಎಲ್ಲವೂ ನೆತ್ತಿಯ ಮೇಲಿನ ಕೆಲಸವೇ. ಹಾಗಾಗಿ ಭಾವನಿಗೂ ನನಗೂ ಬೇಕಾದದ್ದು ಒಂದೇ ಸಾಮಾನು: ಒಬ್ಬನೇ ಹತ್ತಿ ನಿಲ್ಲುವ, ಒಬ್ಬನೇ ತಳ್ಳಿಕೊಂಡು ಹೋಗುವ ಅಟ್ಟಣೆ. ಬೀದಿ ಕೊನೆಯ ವೆಲ್ಡಿಂಗ್‌ನವನ ಹತ್ತಿರ ಒಂದೇ ದಿನ ಎರಡು ಮಾಡಿಸಿದೆವು, ಥೇಟ್ ಅವಳಿಜವಳಿ. ನಾಲ್ಕು ಕಾಲು, ಕಾಲಿಗೊಂದು ಗಾಲಿ, ಮೇಲೆ ಒಬ್ಬ ಮನುಷ್ಯನೂ ಒಂದು ಬಕೆಟ್ಟೂ ಹಿಡಿಸುವಷ್ಟು ಹಲಗೆ, ಸೊಂಟದ ಎತ್ತರಕ್ಕೆ ಕಟಕಟೆ. ಪ್ರತಿ ಕಾಲೂ ಪೈಪಿನೊಳಗೊಂದು ಪೈಪು. ಒಳಗಿನದನ್ನು ಬೇಕಾದಷ್ಟು ಎಳೆದು, ತೂತಿಗೆ ತೂತು ಕೂಡಿಸಿ, ಕಿರುಬೆರಳ ದಪ್ಪದ ಪಿನ್ನು ತೂರಿಸಿದರೆ ಎತ್ತರ ನಿಂತಿತು. ಮಡಚಿದರೆ ಯಾವ ಮನೆಯ ಬಾಗಿಲಲ್ಲಾದರೂ ನುಗ್ಗುತ್ತದೆ. ನಾಲ್ಕು ಕಾಲಿಗೆ ನಾಲ್ಕು ಪಿನ್ನು. ಅದರಲ್ಲಿ ಇದಕ್ಕಿಂತ ಹೆಚ್ಚಿನ ವಿದ್ಯೆ ಏನೂ ಇಲ್ಲ.

ಭಾವ ತನ್ನ ಪಿನ್ನುಗಳ ಹಿಡಿಗೆ ಹಳದಿ ಬಣ್ಣ ಹಚ್ಚಿಕೊಂಡ. ನಾನು ನನ್ನವಕ್ಕೆ ಕಪ್ಪು ಟೇಪು ಸುತ್ತಿದೆ. ಬೆಳಿಗ್ಗೆ ಹತ್ತುವ ಮುಂಚೆ ಅವನು ಸುತ್ತ ಒಂದು ಸಲ ಬಂದು, ಒಂದೊಂದು ಪಿನ್ನನ್ನೂ ಬೆರಳಲ್ಲಿ ಮುಟ್ಟಿ, ಬಾಯಿಬಿಟ್ಟು ಎಣಿಸುತ್ತಿದ್ದ. ಒಂದು, ಎರಡು, ಮೂರು, ನಾಲ್ಕು. ಒಂದೇ ಸಲ. ಎರಡನೇ ಸಲ ಎಣಿಸುವವನಿಗೆ ಮೊದಲನೇ ಸಲ ಗಮನ ಇರಲ್ಲ ಎಂಬುದು ಅವನ ವಾದ. ಮಧ್ಯಾಹ್ನ ಊಟಕ್ಕೆ ಇಳಿದು ಮತ್ತೆ ಹತ್ತುವಾಗ ಎಣಿಸುತ್ತಿರಲಿಲ್ಲ. ಎಣಿಸಬೇಕಾಗಿಯೂ ಇರಲಿಲ್ಲ, ಏಕೆಂದರೆ ನಮ್ಮ ಕೆಲಸದವರಲ್ಲಿ ಒಂದು ಕಟ್ಟುಪಾಡಿದೆ. ಒಬ್ಬನ ಅಟ್ಟಣೆಯನ್ನು ಇನ್ನೊಬ್ಬ ಮುಟ್ಟುವುದಿಲ್ಲ. ದಾರಿಗೆ ಅಡ್ಡ ಬಂತೆಂದು ಒಂದಡಿ ಸರಿಸಿದರೂ ಸರಿ, ಮುಟ್ಟಿದವನು ಕಟಕಟೆಗೆ ಒಂದು ಬಟ್ಟೆ ಚೂರು ಕಟ್ಟಬೇಕು. ಬಟ್ಟೆ ಕಂಡರೆ ಯಜಮಾನ ಮತ್ತೆ ಎಣಿಸಿ ಹತ್ತುತ್ತಾನೆ. ಬಟ್ಟೆ ಇಲ್ಲದಿದ್ದರೆ ಕಣ್ಣು ಮುಚ್ಚಿಕೊಂಡು ಹತ್ತುತ್ತಾನೆ.

ಆ ದಿನ ನಾವಿಬ್ಬರೂ ಒಂದು ಗ್ರಂಥಾಲಯದ ಓದುವ ಕೋಣೆಯಲ್ಲಿದ್ದೆವು. ಮೇಜುಗಳನ್ನೆಲ್ಲ ಒಂದು ಮೂಲೆಗೆ ಒಟ್ಟಿದ್ದರು. ಅವನು ಕಿಟಕಿಯ ಕಡೆ ಬಣ್ಣ ಬಳಿಯುತ್ತಿದ್ದ, ನಾನು ಈಚೆ ಹಳೆಯ ಫ್ಯಾನು ಇಳಿಸಿ ಹೊಸದು ಹಾಕುತ್ತಿದ್ದೆ. ಎರಡು ದಿನ ಮುಂಚೆ ನನ್ನದೊಂದು ಪಿನ್ನು ಚರಂಡಿಗೆ ಬಿದ್ದು ಹೋಗಿತ್ತು. ವೈರಿಂಗ್‌ನವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ವೈರಿಗೇ. ದಪ್ಪ ತಾಮ್ರದ ತಂತಿಯನ್ನು ನಾಲ್ಕು ಮಡಿಕೆ ಮಾಡಿ ತೂತಿಗೆ ತೂರಿಸಿ ತುದಿ ತಿರುಚಿದ್ದೆ. ನಾನು ಕಡ್ಡಿ ಪೈಲ್ವಾನ, ಎರಡು ದಿನ ತಡೆಯಿತು. ಮೂರನೇ ದಿನ ಬಂದದ್ದು ದೊಡ್ಡ ಫ್ಯಾನು, ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕಾದದ್ದು. ಹಲಗೆ ಹತ್ತಿ ನಿಂತಾಗ ಆ ಕಾಲು ಕೊಂಚ ಕೊಸರಿದಂತಾಯಿತು. ನನಗೆ ಭಯವಾಯಿತು, ಇಳಿದೆ.

ಭಾವ ಹಿಂದಿನ ಅಂಗಳದಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದ. ನಾನು ಅವನ ಅಟ್ಟಣೆಯ ಒಂದು ಹಳದಿ ಪಿನ್ನು ತೆಗೆದು ನನ್ನದಕ್ಕೆ ಹಾಕಿಕೊಂಡೆ. ನನ್ನ ತಂತಿಯನ್ನು ಅವನದಕ್ಕೆ ತೂರಿಸಿದೆ. ಇದನ್ನು ಸುತ್ತಿ ಬಳಸಿ ಹೇಳುವುದು ಬೇಡ: ಆ ತಂತಿ ನನ್ನನ್ನು ಹೊರುವುದಿಲ್ಲ ಎಂದು ಗೊತ್ತಾದ ಮೇಲೇ ಅದನ್ನು ಅವನ ಕಾಲ ಕೆಳಗೆ ಇಟ್ಟೆ. ಹತ್ತು ನಿಮಿಷದಲ್ಲಿ ವಾಪಸು ಹಾಕುತ್ತೇನೆ ಎಂದುಕೊಂಡೆ. ಬಟ್ಟೆ ಕಟ್ಟಲಿಲ್ಲ. ಕಟ್ಟಿದರೆ ಬಂದು ಎಣಿಸುತ್ತಾನೆ, ತಂತಿ ನೋಡುತ್ತಾನೆ, ಎರಡು ದಿನದಿಂದ ಇದರ ಮೇಲೆ ಹತ್ತುತ್ತಿದ್ದೀಯಾ ಎಂದು ಗ್ರಂಥಾಲಯದವರ ಮುಂದೆ ನನ್ನ ಮಾನ ಹರಾಜು ಹಾಕುತ್ತಾನೆ. ಒಂದು ಬೈಗುಳ ತಪ್ಪಿಸಿಕೊಳ್ಳಲು ಮಾಡಿದ ಕೆಲಸ ಅದು.

ಅವನು ಊಟ ಮುಗಿಸಿ ಬಂದದ್ದನ್ನು ನೋಡಿದೆ. ಕಟಕಟೆಯ ಕಡೆ ಒಂದು ಸಲ ಕಣ್ಣು ಹಾಯಿಸಿ ಹತ್ತಿದ್ದನ್ನೂ ನೋಡಿದೆ. ಫ್ಯಾನು ನನ್ನ ಕೈಯಲ್ಲಿತ್ತು, ಇನ್ನೆರಡು ಬೋಲ್ಟು ಬಿಗಿಯಬೇಕಿತ್ತು. ಕೂಗಬಹುದಿತ್ತು, ಬಾಯಿಗೇನು ಕೈಯ ಹಂಗಿಲ್ಲವಲ್ಲ. ಈ ಎರಡು ಬೋಲ್ಟು ಆಗಲಿ ಎಂದುಕೊಂಡೆ. ಒಂದು ಬಿಗಿದೆ. ಅವನು ಮೂಲೆಗೆ ಬ್ರಷ್ಷು ಚಾಚಿದ, ಭಾರವೆಲ್ಲ ಆ ಕಾಲಿನ ಮೇಲೆ ಬಿತ್ತು.

ಎಂಟು ಅಡಿ ಅಷ್ಟೇ. ಹಿಮ್ಮಡಿಯ ಮೂಳೆ ಮುರಿಯಿತು. ಜನ ಓಡಿ ಬಂದು ಅವನ ಮೇಲೆ ಬಗ್ಗಿದಾಗ ನಾನು ಅಟ್ಟಣೆಯ ಹತ್ತಿರ ಬಗ್ಗಿ, ತುಂಡಾದ ತಂತಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಭಾವ ನೆಲದ ಮೇಲೆ ಕೂತು, ಕಾಲು ಹಿಡಿದುಕೊಂಡು, ಖಾಲಿ ತೂತನ್ನೇ ನೋಡುತ್ತಿದ್ದ.

“ಬೆಳಿಗ್ಗೆ ನಾಲ್ಕು ಎಣಿಸಿದ್ದೆ ಕಣೋ,” ಅಂದ. “ಮುಟ್ಟಿ ಎಣಿಸಿದ್ದೆ.”

“ಮೂರನ್ನ ನಾಲ್ಕು ಅಂತ ಎಣಿಸಿರ್ತೀಯ ಭಾವ,” ಅಂದೆ ನಾನು. “ಒಂದು ಪಿನ್ನು ನಿನ್ನೆಯ ಮನೇಲಿ ಬಿಟ್ಟು ಬಂದಿರ್ತೀಯ. ಬಣ್ಣ ಮೆತ್ಕೊಂಡು ಪೈಪು ಬಿಗಿಯಾಗಿತ್ತು, ಅದಕ್ಕೇ ಇಷ್ಟೊತ್ತು ತಡೀತು.”

ಇಷ್ಟು ಚೆನ್ನಾದ ಸುಳ್ಳು ಅಷ್ಟು ಬೇಗ ನನ್ನ ಬಾಯಿಗೆ ಎಲ್ಲಿಂದ ಬಂತೋ ಕಾಣೆ. ಅವನು ನನ್ನ ಮುಖ ನೋಡಿದ, ಆಮೇಲೆ ತನ್ನ ಕೈಬೆರಳು ನೋಡಿಕೊಂಡ. ಅವನು ಆಸ್ಪತ್ರೆಯಲ್ಲಿದ್ದಾಗ ನಾನು ಮನೆಯಲ್ಲಿ ಕೂತು ಆ ಹಳದಿ ಹಿಡಿಗೆ ಕಪ್ಪು ಟೇಪು ಸುತ್ತಿದೆ.

ಮೂಳೆ ಮೂರು ತಿಂಗಳಲ್ಲಿ ಕೂಡಿತು. ಕೊಂಚ ಕುಂಟುತ್ತಾನೆ, ಹತ್ತಲು ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಅವನು ಹತ್ತಲಿಲ್ಲ. “ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಗೊತ್ತಾಗದವನು ಮೇಲೆ ಹೋಗಬಾರದು,” ಅಂದ. ಟೀ ಅಂಗಡಿಯಲ್ಲಿ, ದರ್ಜಿಯ ಕಟ್ಟೆಯಲ್ಲಿ, ವೆಲ್ಡಿಂಗ್‌ನವನ ಹತ್ತಿರ, ಕೇಳಿದವರಿಗೂ ಕೇಳದವರಿಗೂ ತಾನೇ ಹೇಳಿಕೊಂಡು ಬಂದ: ಪಿನ್ನು ಮರೆತೆ. ಅಟ್ಟಣೆ ಬಚ್ಚಲ ಪಕ್ಕ ನಿಂತಿತು. ಅಕ್ಕ ಅದರ ಮೇಲೆ ಟವೆಲ್ಲು ಒಣಹಾಕತೊಡಗಿದಳು.

ಮರೆವು ಅಂಟಿಕೊಳ್ಳುವ ಮಾತು. ಒಂದು ಸಲ ಅಂಟಿತೆಂದರೆ, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಿದರೂ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಕ್ಕ ಬೀಗದ ಕೈ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಒಲೆ ಹಚ್ಚಿದರೆ ಹಿಂದೆಯೇ ಹೋಗಿ ಆರಿದೆಯೇ ಎಂದು ನೋಡಿದಳು. ಮೂರು ವರ್ಷದ ಮೊಮ್ಮಗಳನ್ನು ಶಿಶುವಿಹಾರದಿಂದ ಕರೆತರುವುದು ಅವನ ಕೆಲಸವಾಗಿತ್ತು. ಮಗಳು ಒಂದು ದಿನ, “ಅಪ್ಪಾ, ಇನ್ಮೇಲೆ ನಾನೇ ಕರ್ಕೊಂಡು ಬರ್ತೀನಿ, ನಿಂಗ್ಯಾಕೆ ತೊಂದ್ರೆ,” ಅಂದಳು. ಅವನು ಸರಿ ಅಂದ. ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತನ್ನ ಮೇಲೆ ತನಗೇ ನಂಬಿಕೆ ಹೋದವನು ಯಾರ ಹತ್ತಿರ ಜಗಳ ಆಡುತ್ತಾನೆ? ಕೈ ತೊಳೆದು ಬಂದು, “ನಂದು ಊಟ ಆಯ್ತಲ್ವಾ?” ಎಂದು ಕೇಳುವ ಮಟ್ಟಕ್ಕೆ ಬಂದ. ನಾನು ಎದುರಿಗೇ ಕೂತು ಮೊಸರನ್ನ ಕಲಸುವವನಂತೆ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದೆ.

ಹೀಗೆ ಹತ್ತೊಂಬತ್ತು ತಿಂಗಳು. ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಭಾವ ಮೆಟ್ಟಿಲ ಮೇಲೆ ಕೂತು ಬಿಸಿಲು ಕಾಯುತ್ತಿದ್ದ. ಅಂಗಿಯ ಒಳಗಡೆ, ಎದೆಯ ಹತ್ತಿರ, ಅಕ್ಕ ಹೊಸದಾಗಿ ಒಂದು ಕಿಸೆ ಹೊಲಿದಿದ್ದಳು. “ನೋಡೋ ನಿನ್ನಕ್ಕನ ಕಸೂತಿ,” ಎಂದು ನಗುತ್ತ ಅದರೊಳಗಿನ ಚೀಟಿ ತೆಗೆದು ಕೊಟ್ಟ. ಮನೆಯ ವಿಳಾಸವಿತ್ತು. ಕೆಳಗೆ ಅಕ್ಕನ ಗುಂಡು ಅಕ್ಷರದಲ್ಲಿ: ಇವರು ದಾರಿ ತಪ್ಪಿದ್ದರೆ ದಯವಿಟ್ಟು ಈ ನಂಬರಿಗೆ ಫೋನು ಮಾಡಿ. ಅಲ್ಲಿದ್ದದ್ದು ನನ್ನ ನಂಬರು.

ಚೀಟಿ ಹಿಡಿದುಕೊಂಡೇ ಹೇಳಿದೆ. ಚರಂಡಿಗೆ ಬಿದ್ದ ಪಿನ್ನಿನಿಂದ ಹಿಡಿದು ಜೇಬಿಗೆ ಹೋದ ತಂತಿಯವರೆಗೆ, ಒಂದನ್ನೂ ಬಿಡದೆ ಹೇಳಿದೆ. ಅವನು ಪೂರ್ತಿ ಕೇಳಿ, ನನ್ನ ಮೊಣಕಾಲು ತಟ್ಟಿದ.

“ನೀನು ಒಳ್ಳೆಯವನು ಕಣೋ,” ಅಂದ. “ನನ್ನ ಮನಸ್ಸಿಗೆ ಹಗುರ ಆಗ್ಲಿ ಅಂತ ಇಷ್ಟುದ್ದ ಕಟ್ಕೊಂಡು ಬಂದಿದೀಯ. ಬೇಡ ಬಿಡು. ನನಗೆ ಅಭ್ಯಾಸ ಆಗಿದೆ.”

ನನ್ನ ಸುಳ್ಳನ್ನು ಒಂದೇ ಏಟಿಗೆ ನಂಬಿದವನು ನನ್ನ ನಿಜವನ್ನು ನಂಬಲಿಲ್ಲ. ಮನೆಗೆ ಓಡಿದೆ, ನನ್ನ ಅಟ್ಟಣೆಯಿಂದ ಆ ಪಿನ್ನು ಕಿತ್ತು ತಂದು ಅವನ ಕೈಯಲ್ಲಿಟ್ಟೆ. ಅವನು ಟೇಪಿನ ತುದಿಯನ್ನು ಉಗುರಿನಿಂದ ಕೆರೆದು, ನಿಧಾನವಾಗಿ ಸುತ್ತು ಬಿಚ್ಚಿದ. ಹಳದಿ ಹೊಸದರಂತೆಯೇ ಇತ್ತು. ಬಹಳ ಹೊತ್ತು ಅದನ್ನು ಅಂಗೈಯಲ್ಲಿ ಹೊರಳಿಸಿದ.

“ಬಟ್ಟೆ ಯಾಕೆ ಕಟ್ಟಲಿಲ್ಲ?” ಅಂದ. ಬೇರೇನೂ ಕೇಳಲಿಲ್ಲ.

“ಬೈತೀಯ ಅಂತ.”

ಅವನು ತಲೆಯಾಡಿಸಿ ಎದ್ದ. “ಚಪ್ಪಲಿ ಮೆಟ್ಕೋ. ನಾನು ಮರೆತೆ ಅಂತ ಎಲ್ಲೆಲ್ಲಿ ಹೇಳಿದೀನೋ ಅಲ್ಲೆಲ್ಲ ಬಂದು ಹೇಳು.”

ಮೊದಲು ಅಡುಗೆಮನೆ. ಅಕ್ಕ ಸೌಟು ಹಿಡಿದು ನಿಂತೇ ಕೇಳಿದಳು. ನನ್ನನ್ನು ಬೈಯಲಿಲ್ಲ. ಸೊಂಟದ ಬೀಗದ ಕೈ ತೆಗೆದು ಗಂಡನ ಮುಂದೆ ಹಿಡಿದಳು. ಆಮೇಲೆ ಎಂಟು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಅಲ್ಲಿಂದ ವೆಲ್ಡಿಂಗ್‌ನವನು, ದರ್ಜಿ, ಟೀ ಅಂಗಡಿ, ಗ್ರಂಥಾಲಯದ ಮೇಡಂ. ಭಾವ ಕುಂಟುತ್ತ ಮುಂದೆ, ನಾನು ಹಿಂದೆ. ಪ್ರತಿ ಬಾಗಿಲಲ್ಲೂ ಅವನು ಪಕ್ಕಕ್ಕೆ ಸರಿದು, “ಹೇಳು,” ಅನ್ನುತ್ತಿದ್ದ. ವೆಲ್ಡಿಂಗ್‌ನವನು ಉಗಿದ. ದರ್ಜಿ ಕತ್ತರಿ ಕೆಳಗಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ, ಆಮೇಲೆ ನನ್ನ ಅಂಗಿ ಹೊಲಿಯಲೇ ಇಲ್ಲ.

ಕೊನೆಗೆ ಮಗಳ ಮನೆಯ ಕಡೆ ಹೊರಟಾಗ ಭಾವ ರಸ್ತೆಯ ನಡುವೆ ನಿಂತ.

“ದರ್ಜಿಗೆ ಹೇಳಿದ್ವಾ?”

ದರ್ಜಿಯ ಅಂಗಡಿಯಿಂದ ಹೊರಟು ಅರ್ಧ ಗಂಟೆಯೂ ಆಗಿರಲಿಲ್ಲ. ಅವನ ಮುಖವನ್ನೇ ನೋಡುತ್ತ, ಆದಷ್ಟು ಮೆತ್ತಗೆ, “ಆಯ್ತಲ್ಲ ಭಾವ, ಆಗ್ಲೇ ಹೋಗಿದ್ವಲ್ಲ,” ಅಂದೆ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಗುತ್ತಿರಲಿಲ್ಲ.

“ನನಗೆ ನೆನಪಿದೆ,” ಅಂದ. “ಈ ಮುಖ ನೋಡ್ಬೇಕಿತ್ತು. ಹತ್ತೊಂಬತ್ತು ತಿಂಗಳು ಮನೇಲಿ ಎಲ್ಲರೂ ನನಗೆ ತೋರಿಸಿದ್ದು ಈ ಮುಖಾನೇ.”

ಮಗಳ ಮನೆಯಲ್ಲಿ ನಾನು ಹೇಳಿ ಮುಗಿಸುವಷ್ಟರಲ್ಲಿ ಅತ್ತುಬಿಟ್ಟೆ. ಮರುದಿನದಿಂದ ಮೊಮ್ಮಗಳು ತಾತನ ಬೆರಳು ಹಿಡಿದು ಮನೆಗೆ ಬರತೊಡಗಿದಳು. ಅಂಗಿಯ ಕಿಸೆಯ ಹೊಲಿಗೆಯನ್ನು ಅಕ್ಕ ತಾನೇ ಬಿಚ್ಚಿದಳು. ಟವೆಲ್ಲುಗಳಿಗೆ ಬೇರೆ ಹಗ್ಗ ಕಟ್ಟಿದರು.

ಎರಡು ತಿಂಗಳ ಮೇಲೆ ಭಾವ ಮತ್ತೆ ಕೆಲಸಕ್ಕೆ ಹೊರಟ. ಮೊದಲ ಕೆಲಸ ಯಾರದೋ ಹಜಾರ, ನನಗೂ ಅಲ್ಲೇ ದೀಪ ಹಾಕುವುದಿತ್ತು. ನಾನು ಹೋದದ್ದು ಅವನನ್ನು ನೋಡಲಿಕ್ಕೇ. ಬೆಳಿಗ್ಗೆ ಸುತ್ತ ಬಂದು ನಾಲ್ಕು ಹಳದಿ ಹಿಡಿಯನ್ನೂ ಮುಟ್ಟಿ ಎಣಿಸಿದ, ಒಂದೇ ಸಲ, ಹತ್ತಿದ. ಮಧ್ಯಾಹ್ನದವರೆಗೆ ಬಳಿದ. ಹುಬ್ಬಿನ ಮೇಲೆ ಚುಕ್ಕೆ ಬಿದ್ದವು. ಪಾಪವೆಲ್ಲ ತೊಳೆದು ಹೋಯಿತೇನೋ ಎಂದು ನನಗೆ ಅನ್ನಿಸಿದ್ದು ನಿಜ.

ಊಟಕ್ಕೆ ಇಳಿದವನು ಜೇಬಿನಿಂದ ಒಂದು ಬಟ್ಟೆ ಚೂರು ತೆಗೆದು ತನ್ನ ಕಟಕಟೆಗೆ ತಾನೇ ಕಟ್ಟಿದ. ಗಂಟು ಎಳೆದು ನೋಡಿದ.

“ಬಟ್ಟೆ ಯಾಕೆ ಭಾವ?” ಅಂದೆ. “ನಾನು ಹತ್ತಿರಾನೂ ಬಂದಿಲ್ಲ. ಯಾರೂ ಮುಟ್ಟಿಲ್ಲ.”

“ನಾನು ಮುಟ್ಟಿದೀನಲ್ಲ,” ಎಂದು ಹೇಳಿ, ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದ.