ಬಂದೂಕಿಗಿ ಉಡಿ ತುಂಬಿದ್ದು

ನಮ್ಮ ಮಾವನವರ ಹತ್ರ ಒಂದು ಜೋಡುನಳಿಗಿ ಬಂದೂಕಿತ್ತು. ನಾ ಆ ಮನಿಗಿ ಸೊಸಿಯಾಗಿ ಹೋದಮ್ಯಾಲ ಅದು ಮಾಡಿದ ಬ್ಯಾಟಿ ಒಂದೇ, ಮಾಳಿಗಿ ಮ್ಯಾಲ ಬಿಸಲಿಗಿಟ್ಟ ಉಪ್ಪಿನಕಾಯಿ ಭರಣಿ. ಹುಲಿ ಹೊಡದವರ ಮೀಸಿ ನಾ ನೋಡಿಲ್ಲ. ಭರಣಿ ಹೊಡದವರ ಮೀಸಿ ದಿನಾ ನೋಡೀನಿ, ಅದೇನೂ ಕಡಿಮಿ ಇರಲಿಲ್ಲ.

ಆಗ ನಿಜಾಮರ ಕಾಲ. ನಮ್ಮೂರಿಗಿ ಬಸವಕಲ್ಯಾಣ ಅನ್ನೋ ಹೆಸರು ಇನ್ನೂ ಬಂದಿರಲಿಲ್ಲ, ಬರೇ ಕಲ್ಯಾಣಿ. ನನ್ನ ತವರು ಹುಮನಾಬಾದ. ಅತ್ತಿ ಅಂದ್ರ ನಮ್ಮಪ್ಪನ ಖಾಸ ಅಕ್ಕ. ಹಿಂಗಾಗಿ ಅಪ್ಪ ಮತ್ತ ಮಾವನವರು ಮೊದಲಿಂದನೂ ಭಾವ-ಮೈದುನ, ನನ್ನ ಮದವಿಯಿಂದ ಬೀಗರೂ ಆದರು. ಜಗಳಾಡಾಕ ಒಂದು ಸಂಬಂಧ ಸಾಕಾಗಿತ್ತು, ಇವರಿಗಿ ಎರಡು ಸಿಕ್ಕವು.

ಜಗಳದ ಬೇರು ನನ್ನ ಮದವಿಯಾಗೇ ಅದ. ದಿಬ್ಬಣ ಹುಮನಾಬಾದಿನ ಅಗಸಿ ಬಾಗಲಿಗಿ ಬಂದಕೂಡಲೇ ಗಾಳಿಯಾಗ ಒಂದು ಬಾರು ಹಾರಿಸೋದು ಮಾವನವರ ಮನಿತನದ ರಿವಾಜು. ಬಂದೂಕು ಎತ್ತಿದ್ರು, ಒತ್ತಿದ್ರು. ಟಿಕ್ ಅಂತು. ಮತ್ತ ಒತ್ತಿದ್ರು. ಮತ್ತ ಟಿಕ್. ಬಾಜಾದವರೂ ಬಾರಿಸೋದು ಬಿಟ್ಟು ನೋಡಾಕತ್ತಿದ್ರು. ನಮ್ಮಪ್ಪಗ ನಾಲಗಿ ಮ್ಯಾಲ ಹಿಡಿತಾ ಅನ್ನೋದು ಹುಟ್ಟಿನಿಂದನೇ ಇಲ್ಲ. "ಭಾವಾ, ಇದು ಬಂದೂಕಲ್ಲ, ಒಲಿ ಊದೋ ಕೊಳವಿ. ಅಡಗಿಮನಿಗಿ ಕಳಸ್ರಿ, ಅಲ್ಲಿ ಬೇಕಾಗ್ಯದ" ಅಂದ. ದಿಬ್ಬಣದ ಎತ್ತು ಬಿಟ್ಟು ಉಳದವರೆಲ್ಲಾ ನಕ್ಕರು.

ಮಾವನವರು ಅವತ್ತು ನುಂಗಿಕೊಂಡ್ರು. ಮುಂದಿನ ವರ್ಷ ಪಂಚಮಿಗಿ ಅಪ್ಪ ನನ್ನ ಕರಕೊಂಡು ಹೋಗಾಕ ಬಂದ. ನಾ ಆಗ ಬಸರಿ. ಅಂಗಳದಾಗ ಶೇಂಗಾ ಉಂಡಿ ತಿನ್ಕೋತ ಕುಂತಾಂವ ಸುಮ್ಮ ತಿನ್ನಬಾರದಾ? "ಭಾವಾ, ಕೊಳವಿ ಹ್ಯಾಂಗದ?" ಅಂದ. ಮಾವನವರು ಎದ್ದು ಒಳಗ ಹೋದರು, ಬಂದೂಕು ತಂದರು, ಈ ಸಲ ಅದು ಟಿಕ್ ಅನ್ನಲಿಲ್ಲ. ಗುಂಡು ಅಪ್ಪನ ರುಮಾಲಿನ ಮ್ಯಾಲಿಂದ ಹಾದು ಮಾಳಿಗಿ ಅಂಚಿಗಿದ್ದ ಭರಣಿಗಿ ಬಡೀತು. ಎಣ್ಣಿ, ಖಾರ, ಮಾವಿನ ಹೋಳು ಎಲ್ಲಾ ಅಪ್ಪನ ಹೆಗಲ ಮ್ಯಾಲ. ಅದನ್ನ ನೋಡಿ ರಕ್ತ ಅಂತ ತಿಳದು ನಾ ಎದಿ ಬಡ್ಕೊಂಡು ಅತ್ತೆ. ಅಪ್ಪ ಕಾಲಿಗಿ ಬುದ್ಧಿ ಹೇಳಿ ಹುಮನಾಬಾದಿನ ಹಾದಿ ಹಿಡದ.

ಅತ್ತಿ ಗಂಡನ ಮುಂದ ನಿಂತು ಅಂದದ್ದು ನನಗ ಇನ್ನೂ ನೆನಪದ. "ಆಕಡೆ ನನ್ನ ತಮ್ಮ, ಈಕಡೆ ನನ್ನ ಕುಂಕುಮ. ಒಂದು ಗೇಣು ಕೆಳಗ ಬಂದಿದ್ರ ಎರಡೂ ಹೋಗತಿದ್ವು. ನಿಮ್ಮ ಸಿಟ್ಟು ಮನ್ಯಾಗ ಇರೋದಾದ್ರ ಈ ಬಂದೂಕು ಹೊರಗ ಇರಬೇಕು. ಎರಡೂ ಇಟ್ಟುಕೊಂಡು ನಾ ಬಾಳೇವು ಮಾಡಂಗಿಲ್ಲ." ಒಡದ ಭರಣಿ ಕಡಿ ನೋಡಿ, "ಉಪ್ಪಿನಕಾಯಿ ಬ್ಯಾರೆ ಹಾಳಾತು" ಅಂದಳು.

ಹುಮನಾಬಾದಿನ ಬಜಾರದಾಗ ಒಬ್ಬ ಸಾಹೇಬ್ರ ಬಂದೂಕಿನ ಅಂಗಡಿ ಇತ್ತು. ಬ್ಯಾರೆಯವರ ಬಂದೂಕು ಜೋಪಾನ ಇಟ್ಟುಕೊಳ್ಳಾಕ ಅವರಿಗಿ ಸರಕಾರದ ಪರವಾನಗಿ ಇತ್ತು. ಅವರ ಗೋಡಿಗಿ ಒಂದೊಂದು ಊರಿನ ಜಗಳ ನೇತಾಡತಿತ್ತು. ಚಿಟಗುಪ್ಪದ ಅಣ್ಣತಮ್ಮಂದಿರು ಪಾಲು ಮುಗಿಯೋತನ ಇಟ್ಟದ್ದು ಒಂದು, ಕೊಹಿನೂರದ ಒಬ್ಬರು ಕುಡಿಯೋದು ಬಿಡೋತನ ಅಂತ ಇಟ್ಟದ್ದು ಇನ್ನೊಂದು. ಅದು ಅಲ್ಲೇ ಮುದಿಯಾಗಿತ್ತು. ಕಾಯ್ದೆ ಸಾಫ್ ಇತ್ತು: ಯಾರ ಹೆಸರಿಲೆ ಲೈಸನ್ಸ್ ಅದನೋ ಅವರೇ ಲೈಸನ್ಸಿನ ಕಾಗದ ತೋರಿಸಿ ಬಿಡಿಸಿಕೋಬೇಕು. ಅತ್ತಿ ಮಾತಿಗಿ ಮಣದು ಮಾವನವರು ಅಲ್ಲಿ ಬಂದೂಕು ಇಟ್ಟು ಮನಿಗಿ ಬಂದ ಕೂಡಲೇ ಅತ್ತಿ ಆ ಕಾಗದ ತೊಗೊಂಡು ತನ್ನ ಸಂದೂಕಿನಾಗ ಹಾಕಿ, ಕೀಲಿ ಸೊಂಟಕ್ಕ ಸಿಗಿಸಿಕೊಂಡಳು. ಬಂದೂಕು ಹುಮನಾಬಾದಿನಾಗ, ಕಾಗದ ಕಲ್ಯಾಣಿಯಾಗ, ನಡುವ ಮಾವನವರು.

ಅವರು ಸುಮ್ಮ ಕೂಡೋರಲ್ಲ. "ಬಂದೂಕು ಮನಿಗಿ ಬರೋತನ ಸೊಸಿ ತವರಿನ ಹೊಸ್ತಿಲಾ ತುಳಿಯಂಗಿಲ್ಲ" ಅಂತ ಹಟ ಹಿಡದರು. ಅತ್ತಿ, "ಸಿಟ್ಟು ಹೋಗೋತನ ಬಂದೂಕು ಬರಂಗಿಲ್ಲ" ಅಂದಳು. ನಡುವ ಸಿಕ್ಕಾಕಿ ನಾ. ಚೊಚ್ಚಲ ಬಾಣಂತನ ಯಾರಾದರೂ ಅತ್ತಿ ಮನ್ಯಾಗ ಮಾಡಿಸಿಕೋತಾರೇನ್ರಿ? ನನಗ ಅವ್ವ ಬೇಕಾಗಿದ್ದಳು. ರಾತ್ರಿ ಹಗಲು ಅದೊಂದೇ ಚಿಂತಿ. ನನ್ನ ಗಂಡನ್ನ ಕೇಳಿದ್ರ "ನೋಡೋಣು" ಅಂತಿದ್ರು. ಪುಣ್ಯಾತ್ಮರು ಜೀವಮಾನಾ ಪೂರಾ ನೋಡೋಣು ಅನ್ಕೋತನೇ ಕಳದರು.

ವಾರಾ ಸಂತಿಗಿ ಮಾವನವರು ಹುಮನಾಬಾದಕ್ಕ ಹೋಗಾಕ ಶುರು ಮಾಡಿದ್ರು. ಕೊಟ್ಟ ಮಗಳನ್ನ ಮಾತಾಡಿಸಾಕ ಹೋದಂಗ ಒಂದು ಸೀಸಿ ಎಣ್ಣಿ, ಒಂದು ಮೆತ್ತನ್ನ ಅರಿವಿ ಹಿಡಕೊಂಡು ಹೋಗಿ, ಸಾಹೇಬ್ರ ಕಣ್ಣಮುಂದೇ ಬಂದೂಕು ಒರಸಿ, ಚಾ ಕುಡದು ಬರತಿದ್ರು. ಕಲ್ಯಾಣಿ ಮಂದಿ ಬಿಡತಾರೇನು? "ಗೌಡ್ರ, ಬಂದೂಕು ಆರಾಮದಾಳೇನ್ರಿ? ಸೊರಗ್ಯಾಳೇನು?" ಅಂತ ಕಟ್ಟಿ ಮ್ಯಾಲ ಕುಂತವರು ಕೇಳತಿದ್ರು.

ಒಂದು ಸಂತಿ ದಿನ ಮಾವನವರು ಒಂದು ಹುಣಸಿಕಾಯಿ ಗಂಟು ತಂದು ನನ್ನ ಮುಂದ ಇಟ್ಟರು. "ಸಾಹೇಬ್ರು ಕೊಟ್ಟಾರ. ಬಸರಿಗಿ ಹುಣಸಿಕಾಯಿ ಆಸಿ ಆಗ್ಯದ ಅಂತ ಮಾತಿನಾಗ ಅಂದಿದ್ದೆ" ಅಂದ್ರು. ಗಂಟು ಬಿಚ್ಚಾಕ ಹೋದಾಕಿ ಆ ಅರಿವಿ ಮಾರಿಗಿ ಹಚ್ಚಿಕೊಂಡೆ. ಅದು ನಮ್ಮವ್ವನ ಹಳೀ ಸೀರಿ ಸೆರಗು. ಅಪ್ಪ ಬ್ಯಾರೆ ದಿನ ಹೋಗಿ ಅದೇ ಅಂಗಡಿ ಬಾಕಿನ ಮ್ಯಾಲ ಕುಂತು ನನ್ನ ಸುದ್ದಿ ಕೇಳಿಕೊಂಡು ಬರತಿದ್ದಾನ ಅಂತ ಆಗ ತಿಳೀತು. ನಾ ಅತ್ತಿ ಮಾರಿ ನೋಡಿದೆ, ಅತ್ತಿ ನನ್ನ ಮಾರಿ ನೋಡಿದಳು. ಒಲಿ ಹೊಗಿ ನೆವಾ ಮಾಡಿ ಇಬ್ಬರೂ ಕಣ್ಣು ಒರಸಿಕೊಂಡ್ವಿ.

ಮಹಾನವಮಿ ಬಂತು. ಮನಿ ಆಯುಧಕ್ಕ ಖಂಡೆ ಪೂಜಿ ಆಗಲೇಬೇಕು. "ಈಗರೆ ತರಬೇಕೋ ಬ್ಯಾಡೋ?" ಅಂತ ಮಾವನವರು ಮೀಸಿ ತಿರುವಿದ್ರು. ಅತ್ತಿ ಅಷ್ಟಕ್ಕ ಸೋಲೋಳಲ್ಲ. "ಅದು ಬರೋದು ಬ್ಯಾಡ, ನಾವೇ ಹೋಗೋಣು" ಅಂದಳು. ನನಗ ಏಳನೇ ತಿಂಗಳು. ಬಂಡಿಯಾಗ ಹುಲ್ಲು ಹಾಸಿ, ಕೌದಿ ಹಾಕಿ, ಅಂಗಡಿ ಅಂದ್ರ ತವರಿನ ಹೊಸ್ತಿಲಲ್ಲ ಅಂತ ಅತ್ತಿ ನನ್ನೂ ಹತ್ತಿಸಿದಳು. ನನ್ನ ಗಂಡ "ನೋಡೋಣು" ಅನ್ಕೋತ ಎತ್ತು ಹೊಡದರು.

ಸಾಹೇಬ್ರು ಅತ್ತಿ ತಂದ ಕಾಗದ ನೋಡಿ, ಬಂದೂಕು ಮಾವನವರ ಕೈಯಾಗ ಕೊಟ್ಟರು. "ಗುಂಡಿನ ತೋಟಾ ಇವತ್ತು ಕೊಡಂಗಿಲ್ರಿ ಗೌಡ್ರ. ಬಂದೂಕು, ತೋಟಾ ಒಂದೇ ದಿನ ಕೊಡೋ ರಿವಾಜು ನಮ್ಮಲ್ಲಿಲ್ಲ" ಅಂತ ಹೇಳಿ, "ನಿಮ್ಮ ಪೂಜಿ ಮಾಡ್ಕೋರಿ ಅಕ್ಕಾ, ಚಾ ಹೇಳಿ ಬರತೀನಿ" ಅಂತ ಹೋದರು. ಅತ್ತಿ ಮಣಿ ಇಟ್ಟು, ಅದರ ಮ್ಯಾಲ ಬಂದೂಕು ಗೋಡಿಗಿ ಆನಿಸಿ ನಿಲ್ಲಿಸಿ, ಅರಿಷಿಣ ಕುಂಕುಮ ಹಚ್ಚಿದಳು. ಗೋಡಿ ಮ್ಯಾಲಿನ ಉಳದ ಬಂದೂಕುಗಳಿಗೂ ದೂರಿಂದ ಕೈಮುಗದಳು, ಪಾಪ ಅವುಕ್ಕ ಯಾರು ಮಾಡತಾರ ಅಂತ. ಆಮ್ಯಾಲ ಒಂದು ಮುಷ್ಟಿ ಅರಿಷಿಣದ ಅಕ್ಕಿ ತೊಗೊಂಡು ಎರಡೂ ನಳಿಗಿಯಾಗ ಸುರುವಿದಳು.

"ಏ, ಏನ್ ಮಾಡಾಕತ್ತಿ?" ಮಾವನವರು ಚೀರಿದ್ರು.

"ಉಡಿ ತುಂಬಾಕತ್ತೀನಿ. ವಾರಾ ಎಣ್ಣಿ ಹಚ್ಚಾಕ ಬರತೀರಿ. ಹೆಣ್ಣಮಗಳಂದಮ್ಯಾಲ ಉಡಿ ತುಂಬೋದು ಬ್ಯಾಡಾ?"

ನನಗ ನಗು ತಡೀಲಿಲ್ಲ, ಹೊಟ್ಟಿ ಹಿಡಕೊಂಡು ಕುಂತೆ. ಅಷ್ಟರಾಗ ಅಂಗಡಿ ಕಟ್ಟಿ ಕೆಳಗ, ರಸ್ತೆದಾಗ, ಅಪ್ಪ ಬಂದು ನಿಂತಿದ್ದ. ನಾ ಬಂದೀನಿ ಅನ್ನೋ ಸುದ್ದಿ ಬಜಾರದಾಗ ಹಬ್ಬಿತ್ತು. ಅಂವ ಯಾರ ಕಡಿಗೂ ನೋಡಲಿಲ್ಲ, ನನ್ನ ಹೊಟ್ಟಿ ನೋಡಿ ಅಲ್ಲೇ ಕಣ್ಣೀರು ತಂದ. ಮಾವನವರಿಗಿ ಎಲ್ಲಿತ್ತೋ ಸಿಟ್ಟು, ಬಂದೂಕು ಕೈಗಿ ತೊಗೊಂಡ್ರು, ಕಟ್ಟಿ ತುದಿಗಿ ಬಂದು ನಿಂತು ಅಪ್ಪನ ತಲಿ ಕಡಿಗಿ ಬಗ್ಗಿಸಿದ್ರು.

ತೋಟಾ ಇಲ್ಲ ಅಂತ ಗೊತ್ತಿತ್ತು. ಆದರೂ ನಾ "ಅಪ್ಪಾ" ಅಂತ ಚೀರಿದೆ.

ಸರ್ ಅಂತ ಅಕ್ಕಿ ಉದುರಿತು. ಎರಡೂ ನಳಿಗಿಯಿಂದ, ಹಳದಿ ಅಕ್ಕಿ, ಅಪ್ಪನ ರುಮಾಲಿನ ಮ್ಯಾಲ, ಹೆಗಲ ಮ್ಯಾಲ. ಅಪ್ಪ ಎರಡೂ ಕೈ ಜೋಡಿಸಿ, ತಲಿ ಬಾಗಿಸಿ ಅಂದ: "ಅಕ್ಷತಾ ಬಿತ್ತು, ಆಶೀರ್ವಾದ ಆತು ಭಾವಾ. ಇನ್ನ ನನ್ನ ಮಗಳನ್ನ ಕಳಸ್ರಿ."

ಮೊದಲು ನಕ್ಕಾಂವ ಎದುರಿನ ಅಂಗಡಿ ದರ್ಜಿ. ಆಮ್ಯಾಲ ಬಜಾರಕ್ಕ ಬಜಾರೇ ನಕ್ಕಿತು. ಮಾವನವರು ಸಿಟ್ಟು ಹಿಡಕೊಳ್ಳಾಕ ಭಾಳ ನೋಡಿದ್ರು, ಮೀಸಿ ಕುಣೀತು, ಹೊಟ್ಟಿ ಕುಣೀತು, ಕಡೀಗಿ ಅವರೂ ನಕ್ಕುಬಿಟ್ಟರು. ಸಾಹೇಬ್ರು ಚಾ ಹಿಡಕೊಂಡು ಬಂದು ನಳಿಗಿ ನೋಡಿ, "ಯಾ ಅಲ್ಲಾ, ಇದರಾಗ ಅನ್ನಾ ಮಾಡತೀರೇನ್ರಿ?" ಅಂತ ತಲಿಗಿ ಕೈ ಹಚ್ಚಿಕೊಂಡ್ರು. ನಾ ಅವತ್ತು ಕಲ್ಯಾಣಿಗಿ ತಿರುಗಿ ಹೋಗಲೇ ಇಲ್ಲ. ಅತ್ತಿ ಕಾಗದ ಗಂಡನ ಕೈಯಾಗ ಇಟ್ಟು "ಬೇಕಾದ್ರ ತೊಗೊಂಡು ನಡೀರಿ" ಅಂದಳಂತ. ಮಾವನವರು, "ಇರಲಿ, ಇಲ್ಲೇ ಇರಲಿ. ವಾರಾ ಬಂದು ನೋಡತೀನಿ" ಅಂದ್ರಂತ.

ನನಗ ಮಗಳು ಹುಟ್ಟಿದಳು. ಮಾವನವರು ಪ್ರತಿ ಸಂತಿಗಿ ನಮ್ಮ ತವರಿಗಿ ಬರೋರು. "ಬಂದೂಕು ನೋಡಾಕ ಬಂದಿದ್ದೆ, ಹಂಗೇ ಈ ಕಡಿ ಹಾದು ಹೋದರಾತು ಅಂತ" ಅನ್ನೋರು. ಕುಂತರ ಸಂಜಿತನ ಏಳತಿರಲಿಲ್ಲ. ಅಪ್ಪ ಕೆಣಕೋನು, ಅವರು ಗುರ್ ಅನ್ನೋರು, ಕೂಸು ಇಬ್ಬರನ್ನೂ ನೋಡಿ ನಗೋದು.

ಒಂದು ಸಂತಿ ದಿನ ಕೂಸು ಮಾವನವರ ತೊಡಿ ಮ್ಯಾಲ ಕುಂತು ಮೀಸಿ ಜಗ್ಗಾಕತ್ತಿತ್ತು. ಬಾಗಲಾಗ ಸಾಹೇಬ್ರು ಬಂದು ನಿಂತರು. "ಗೌಡ್ರ, ಎಷ್ಟು ದಿನಾತು ಅಂಗಡಿಗಿ ಕಾಲೇ ಇಟ್ಟಿಲ್ಲಲ್ರಿ. ಕೂಸು ಹುಟ್ಟಿದಾಗಿಂದ ಬಂದೇ ಇಲ್ಲ. ಎಣ್ಣಿ ಕಾಣದ ನಳಿಗಿಗಿ ಜಂಗು ಹತ್ತಾಕತ್ತದ" ಅಂದ್ರು.

ನಾವೆಲ್ಲಾ ಮಾವನವರ ಮಾರಿ ನೋಡಿದ್ವಿ. ಸುಳ್ಳು ಸಿಕ್ಕಿಬಿದ್ದಿತ್ತು, ಅದೂ ಅಪ್ಪನ ಮುಂದ. ಅವರು ಕೂಸಿನ ಬೆರಳು ಮೀಸಿಯಿಂದ ಒಂದೊಂದೇ ಬಿಡಿಸಿಕೊಂಡ್ರು. ತಲಿ ಎತ್ತದೇ ಅಂದ್ರು:

"ಹತ್ತಲಿ ಬಿಡ್ರಿ ಸಾಹೇಬ್ರ. ಒಲಿ ಊದೋ ಕೊಳವಿಗಿ ಜಂಗು ಹತ್ತಿದ್ರ ಏನಾತು."

ಅಪ್ಪ ಎದ್ದು ಒಳಗ ಹೋಗಿ, ತನ್ನ ಕೈಲೆ ಭಾವಗ ಚಾ ತಂದುಕೊಟ್ಟ.