ಮೂವತ್ತಾರರ ಒಂಬತ್ತು ಅಪವರ್ತನಗಳು

“ಅಜ್ಜ ತಮ್ಮ ಕಾಲದ ಲೆಕ್ಕ ಹೇಳಿಕೊಟ್ಟು ಮಗುವನ್ನು ಗೊಂದಲಕ್ಕೆ ತಳ್ಳಿದರು, ಟ್ಯೂಷನ್ನಿಗೆ ಹಾಕಿದ ಮೇಲೆ ಸರಿಹೋಯಿತು.” ಕೊಚ್ಚಿಯಲ್ಲಿ ಹುಟ್ಟಿದ ಈ ಮಾತು, ಮಗಳಿಗೆ ವರ್ಗವಾಗಿ ನಾವು ತಿರುವನಂತಪುರದ ಉಳ್ಳೂರಿಗೆ ಬಂದ ಮೇಲೂ ನಮ್ಮ ಮನೆಯ ಅಧಿಕೃತ ಚರಿತ್ರೆಯಾಗಿ ಉಳಿದಿದೆ. ನಾನು ಒಪ್ಪುವುದಿಲ್ಲ.

ನಾನು ಶಾಲೆ ಮುಗಿಸಿದವನಲ್ಲ. ಕಲಿತದ್ದೆಲ್ಲ ಕೊಚ್ಚಿ ಬಳಿಯ ಏಲೂರಿನ ಕಾರ್ಖಾನೆಯ ಪಾಳಿಗಳ ನಡುವೆ, ಹಳೆಯ ಪಠ್ಯಪುಸ್ತಕಗಳಿಂದ. ಕೊಚ್ಚಿಯ ಪಾಲಾರಿವಟ್ಟಂ ಫ್ಲ್ಯಾಟಿನಲ್ಲಿದ್ದಾಗ ಸಂಜೆಯ ಒಂದು ಗಂಟೆ ಮೊಮ್ಮಗಳು ನನ್ನ ಪಾಲಿಗಿದ್ದಳು. ನನ್ನ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮಲಯಾಳದಲ್ಲಿ. ಮಗ್ಗಿಯನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳ ಬಾಯಿಂದ ನಾನು ಕೇಳುತ್ತಿದ್ದ ಕನ್ನಡ ಅಷ್ಟೇ.

ಅಪವರ್ತನ ಕಲಿಸಲು ಚೌಕಾಬಾರ ಆಡುವ ಹುಣಸೆ ಬೀಜಗಳನ್ನು ನೆಲಕ್ಕೆ ಸುರಿದೆ. ಮೂವತ್ತಾರು ಬೀಜ, ಒಂದೂ ಉಳಿಯದಂತೆ ಸಮ ಸಾಲುಗಳಲ್ಲಿ ಜೋಡಿಸಬೇಕು. ನಾಲ್ಕು ಸಾಲಿನಲ್ಲಿ ಒಂಬತ್ತೊಂಬತ್ತು. ಬದಿಯಿಂದ ನೋಡಿದರೆ ಒಂಬತ್ತು ಸಾಲಿನಲ್ಲಿ ನಾಲ್ಕು ನಾಲ್ಕು. ಒಂದು ಜೋಡಣೆಯಿಂದ ಎರಡು ಅಪವರ್ತನ. ಆರು ಸಾಲು ಜೋಡಿಸಿದಾಗ ಅವಳು ಎದ್ದು ಸುತ್ತ ನಡೆದು ನೋಡಿದಳು.

“ಅಜ್ಜಾ, ಎವಿಡೆ ನಿನ್ನು ನೋಕ್ಕಿಯಾಲುಂ ಆರು ತನ್ನೆ.” ಎಲ್ಲಿಂದ ನೋಡಿದರೂ ಆರೇ ಎಂದು.

“ಹಾಗಾದ್ರೆ ಆರನ್ನ ಎಷ್ಟು ಸಲ ಬರೀತೀಯ?”

“ಒನ್ನು ಮತಿ.” ಒಂದು ಸಾಕು.

ಪರೀಕ್ಷೆಯಲ್ಲಿ ಮೂವತ್ತಾರಕ್ಕೆ ಒಂಬತ್ತು ಅಪವರ್ತನ ಬರೆದಳು. ಅವು ಜೋಡಿಯಾಗಿಯೇ ಬರುತ್ತವೆ, ಆರನ್ನು ಎರಡು ಸಲ ಬರೆದು ಹತ್ತು ಮಾಡಬೇಕಿತ್ತು ಎಂದು ಟೀಚರ್ ಕೆಂಪು ಗೀಟು ಎಳೆದರು. ನಾನು ಶಾಲೆಗೆ ಹೊರಟೆ. ಮಗಳು ಬಾಗಿಲಲ್ಲೇ ತಡೆದಳು.

“ಅಪ್ಪ, ನೀವು ಹೇಳಿದ್ದೇ ಸರಿ. ನನಗೂ ಭಾಗಾಕಾರ ಬರುತ್ತೆ.”

“ಮತ್ತೆ?”

“ಮಾರ್ಕ್ಸ್ ಹಾಕೋದು ನೀವಲ್ಲವಲ್ಲ. ಅಲ್ಲಿ ಹೋಗಿ ಟೀಚರಿಗೇ ಮೇಷ್ಟ್ರಾಗಬೇಡಿ.”

ಮರುವಾರದಿಂದ ಆ ಸಂಜೆಯ ಗಂಟೆ ಟ್ಯೂಷನ್ನಿನದಾಯಿತು. ಅಲ್ಲಿ ಆರನ್ನು ಎರಡು ಸಲ ಬರೆಯಲು ಕಲಿತಳು, ಅಂಕ ಬಂತು. ನಿಜ ಗೊತ್ತಿದ್ದೂ ಮಗಳು ನೆಂಟರೆದುರು ಅದೇ ಕಥೆಯನ್ನು ನಗುತ್ತ ಹೇಳುತ್ತಾಳೆ. ಟೀಚರರ ತಪ್ಪನ್ನು ನಾನು ಎಂದೋ ಮನ್ನಿಸಿದ್ದೇನೆ. ಈ ನಗುವನ್ನು ಮನ್ನಿಸಲಾಗಿಲ್ಲ. ಮೊಮ್ಮಗಳ ಮಗ್ಗಿ ಇಂಗ್ಲಿಷಿಗೆ ತಿರುಗಿದೆ. “ಆರಾರ್ಲ” ಎಂದು ನಾನು ಶುರುಮಾಡಿದರೆ “ಪ್ಲೀಸ್, ಅಜ್ಜಾ” ಎಂದು ಫೋನಿಗೆ ಮುಖ ತಗ್ಗಿಸುತ್ತಾಳೆ.

ಉತ್ತರಪತ್ರಿಕೆಯನ್ನು ಮನೆ ಬದಲಿಸುವಾಗ ಎಸೆದರು. ಹುಣಸೆ ಬೀಜದ ಡಬ್ಬಿ ಮಾತ್ರ ಉಳ್ಳೂರಿನ ಈ ಕೋಣೆಯ ಕಿಟಕಿಯಲ್ಲಿದೆ. ನನ್ನ ಮಾತು ನಂಬಬೇಕಿಲ್ಲ. ಯಾರ ಮನೆಯ ಬೀಜವಾದರೂ ಆದೀತು. ಆರು ಸಾಲಿನಲ್ಲಿ ಆರಾರು ಇಟ್ಟು, ಅವಳಂತೆ ಎದ್ದು, ಒಮ್ಮೆ ಸುತ್ತ ನಡೆದು ನೋಡಿದರೆ ಸಾಕು.