ಹಗ್ಗದಾಚೆಯ ಕ್ರಾಪು

ನಮ್ಮ ಭಾವ ಮೂವತ್ತೊಂದು ವರ್ಷ ಜನರ ತಲೆಗೂದಲು ಕತ್ತರಿಸಿದವರು. ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ ಮೇಲೆ ಎಂಟು ತಿಂಗಳು ಮನೆಯಲ್ಲೇ ಕೂತರು. ಕೂತರು ಎನ್ನುವುದು ಬಾಯಿಮಾತು. ಆ ಮನುಷ್ಯನಿಗೆ ಕೂರುವುದೇ ಗೊತ್ತಿಲ್ಲ. ಪರದೆಗಳ ಅಂಚು ಸಮ ಮಾಡಿದರು. ಕಾಲೊರಸುವ ಚಾಪೆಯ ಎಳೆ ಕತ್ತರಿಸಿದರು. ಕೊನೆಗೆ ಹೊಸ ಪೊರಕೆಗೂ ಕ್ರಾಪು ಹೊಡೆದಾಗ ನಮ್ಮಕ್ಕ ನನಗೆ ಫೋನು ಮಾಡಿ, "ಲೋ, ಇವರಿಗೊಂದು ಕೆಲಸ ಹುಡುಕು, ಇಲ್ಲ ನನಗೊಂದು ಮನೆ ಹುಡುಕು" ಎಂದಳು.

ನಾನು ಊರಾಚೆಯ ಹುಲ್ಲುಗಾವಲು ಉದ್ಯಾನದ ಗೇಟಿನಲ್ಲಿ ಚೀಟಿ ಹರಿಯುವವನು. ಅಲ್ಲಿ ಕಾಲುದಾರಿಯ ಹುಲ್ಲು ಸವರಲು ಒಬ್ಬರು ಬೇಕಾಗಿದ್ದರು. ಸರಿ, ಕತ್ತರಿಸುವ ಕೈಗೆ ಕತ್ತರಿಸುವ ಕೆಲಸ ಎಂದು ನಾನೇ ಮುಂದೆ ನಿಂತು ಸೇರಿಸಿದೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಉದ್ಯಾನದ ಮುಖ್ಯಸ್ಥೆಯನ್ನು ನಾವೆಲ್ಲ ಹುಲ್ಲಿನ ಮೇಡಂ ಎನ್ನುತ್ತೇವೆ. ಮೊದಲ ದಿನವೇ ಅವರು ಭಾವನನ್ನು ಕರೆದುಕೊಂಡು ಹೋಗಿ ತೋರಿಸಿದರು. ದಾರಿಯ ಅಗಲ ಎರಡು ಮಾರು, ಎರಡೂ ಕಡೆ ಹಗ್ಗ. ಹಗ್ಗದೊಳಗೆ ನುಣ್ಣಗೆ ಸವರಬೇಕು. ಹಗ್ಗದಾಚೆ ಇರುವುದು ಯಾವ ಕಾಲದಲ್ಲೂ ನೇಗಿಲು ಕಾಣದ ಬಯಲು. ಅಲ್ಲಿ ಒಂದು ಎಸಳನ್ನೂ ಮುಟ್ಟಬಾರದು. "ಆರು ತಿಂಗಳು ನೋಡ್ತೀವಿ. ಆಮೇಲೆ ಕಾಯಂ," ಎಂದರು ಮೇಡಂ.

ಐದು ತಿಂಗಳು ಭಾವ ಚಿನ್ನದಂಥ ಮನುಷ್ಯ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮಿಷನ್ನು ಒರೆಸುತ್ತಿದ್ದರು. ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಆದರೆ ಸಂಜೆ ಗೇಟಿನ ಹತ್ತಿರ ಬಂದು ನಿಂತರೆ ಒಂದೇ ಗೋಳು: "ಅಲ್ವೋ, ಎರಡು ಮಾರು ನೀಟಾಗಿ ಇಟ್ಟು ಪಕ್ಕದಲ್ಲಿ ಎದೆಮಟ್ಟ ಬಿಟ್ರೆ ನೋಡೋರು ಏನಂತಾರೆ? ಅರ್ಧ ಕ್ರಾಪು ಮಾಡಿ ಎದ್ದು ಹೋದ ಅನ್ನಲ್ವಾ?"

"ಯಾರೂ ಏನೂ ಅನ್ನಲ್ಲ. ನೀವು ಹಗ್ಗ ದಾಟಬೇಡಿ ಮಹಾರಾಯರೇ," ಎನ್ನುತ್ತಿದ್ದೆ.

ಹುಟ್ಟುಗುಣ ಸುಟ್ಟರೂ ಹೋಗದು. ಆರನೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಉದ್ದದ ದಾರಿಯ ಕಡೆ ಹೋದರೆ, ಕಲ್ಲುಬೆಂಚಿನ ಹಿಂದೆ ಭಾವ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ಅವರ ಹಿಂದೆ, ಹಗ್ಗದಾಚೆ, ಎರಡು ಕೋಣೆಯಷ್ಟು ನೆಲ ಬೋಳು!

ಆದದ್ದಿಷ್ಟು. ಬೆಂಚಿನ ಮೇಲೆ ಬಾಗಿದ್ದ ಒಂದು ಜೊಂಪೆ ಕೂತವರ ಕುತ್ತಿಗೆಗೆ ಚುಚ್ಚುತ್ತದೆಂದು ಕತ್ತರಿಯಲ್ಲಿ ಸ್ವಲ್ಪ ತೆಗೆದರಂತೆ. ಎಡಗಡೆ ತೆಗೆದರೆ ಬಲಗಡೆ ಉದ್ದ ಕಂಡಿತು. ಬಲ ತೆಗೆದರೆ ಎಡ. ಸಮ ಮಾಡುತ್ತಾ ಮಾಡುತ್ತಾ ಕತ್ತರಿ ಸಾಲದೆ ಮಿಷನ್ನು ಬಂತು. ಕೊನೆಗೆ, ಅಂಗಡಿಯಲ್ಲಿ ಗಿರಾಕಿಗಳ ಕುತ್ತಿಗೆಯ ಹಿಂದೆ ಕತ್ತಿ ಆಡಿಸುತ್ತಿದ್ದರಲ್ಲ, ಅದೇ ಗುಂಗಿನಲ್ಲಿ ಸಲಿಕೆ ತಂದು ಬುಡವನ್ನೂ ಕೆತ್ತಿ ನುಣುಪು ಮಾಡಿಬಿಟ್ಟಿದ್ದರು.

"ಅಯ್ಯೋ ನಿಮ್ಮ! ನನ್ನ ಮಾನ ತೆಗೆದ್ರಲ್ಲ ಭಾವ! ಮೇಡಂ ಬರೋ ಹೊತ್ತಾಯ್ತು. ದನ ನುಗ್ಗಿತ್ತು ಅಂತ ಹೇಳಿಬಿಡಿ," ಎಂದೆ.

ಭಾವ ಬೋಳು ನೆಲವನ್ನೊಮ್ಮೆ ನೋಡಿದರು. "ಇಷ್ಟು ನೀಟಾಗಿ ಯಾವ ದನ ಮೇಯುತ್ತೋ?" ಎಂದರು. ಆ ಸ್ಥಿತಿಯಲ್ಲೂ ದನಿಯಲ್ಲಿ ತುಸು ಹೆಮ್ಮೆ ಇತ್ತು. ನನಗೆ ಅವರನ್ನು ಹೊಡೆಯುವಷ್ಟು ಸಿಟ್ಟು ಬಂತು.

ಮೇಡಂ ಬಂದರು. ಅವರಿನ್ನೂ "ಏನಿದು?" ಎಂದು ಕೇಳಿರಲೂ ಇಲ್ಲ, ಭಾವ ಮುಂದೆ ಹೋಗಿ ಕೈಮುಗಿದು, "ನಾನೇ ಮೇಡಂ. ಇವನಿಗೇನೂ ಗೊತ್ತಿಲ್ಲ. ಕೈ ತಡೆಯಲಿಲ್ಲ," ಎಂದುಬಿಟ್ಟರು.

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಬೋಳು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಕಿತ್ತು ಬಿದ್ದಿದ್ದ ಒಂದು ಬೇರನ್ನು ಅಂಗೈಯಲ್ಲಿಟ್ಟುಕೊಂಡು ಮಣ್ಣು ಕೊಡವಿದರು. "ಇದು ಮತ್ತೆ ಹೀಗಾಗೋಕೆ ಏಳು ವರ್ಷ ಬೇಕು," ಎಂದರು. ಆಮೇಲೆ ಎದ್ದು, "ಭಾನುವಾರ ನಡಿಗೆಗೆ ಜನ ಬರ್ತಾರಲ್ಲ, ಅವರಿಗೆ ಏನಾಯ್ತು ಅಂತ ನೀವೇ ಹೇಳಿ. ನಿಮ್ಮ ಕೆಲಸದ ಮಾತು ಆಮೇಲೆ," ಎಂದು ಹೊರಟುಹೋದರು.

ಆ ಎರಡು ದಿನ ಅಕ್ಕನ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. "ಕೆಲಸ ಹೋದ್ರೆ ಹೋಗ್ಲಿ ಕಣೋ," ಎಂದಳು ಅಕ್ಕ, ಭಾವ ಸ್ನಾನಕ್ಕೆ ಹೋಗಿದ್ದಾಗ. "ಆದ್ರೆ ಈ ಐದು ತಿಂಗಳು ಅವರು ಸಂಜೆ ನಗ್ತಾ ಮನೆಗೆ ಬರ್ತಿದ್ರು. ಅದು ಹೋದ್ರೆ ನಾನೇನು ಮಾಡ್ಲಿ?"

ಭಾನುವಾರ ಮೂವತ್ತು ಜನ ಬಂದರು. ಇಸ್ತ್ರಿ ಅಂಗಿ ಹಾಕಿಕೊಂಡು ಭಾವ ಬೆಂಚಿನ ಪಕ್ಕ ನಿಂತರು. ಮೇಡಂ ಕೈಕಟ್ಟಿ ಹಿಂದೆ ನಿಂತರು. ಭಾವ ಎಲ್ಲಿ ತಡವರಿಸುತ್ತಾರೋ ಎಂದುಕೊಂಡೆ. ಆದರೆ ಮೂವತ್ತೊಂದು ವರ್ಷ ಕುರ್ಚಿಗೆ ಬಂದವರನ್ನೆಲ್ಲ ಮಾತಾಡಿಸಿದ ಬಾಯಿ ಅದು. ಎಡ ಸಮ, ಬಲ ಸಮ ಎಂದು ಕತ್ತರಿ ಆಡಿಸಿ ತೋರಿಸಿದರು. ತಪ್ಪನ್ನು ದನದ ಮೇಲೆ ಹಾಕಲು ನಾನು ಹೇಳಿಕೊಟ್ಟದ್ದನ್ನೂ ಬಿಡಲಿಲ್ಲ, ನನ್ನ ಕಡೆ ಬೊಟ್ಟು ಮಾಡಿಯೇ ಹೇಳಿದರು! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮರದ ಹಿಂದೆ ಸರಿದೆ. ಮೇಡಂ ನಗು ತಡೆಯಲು ತುಟಿ ಕಚ್ಚಿಕೊಂಡರು.

ಆಮೇಲೆ ಭಾವ ಕತ್ತರಿ ಜೇಬಿಗಿಟ್ಟರು.

"ತಲೆಗೂದಲು ಹಾಳಾದ್ರೆ ಒಂದು ತಿಂಗಳು ಟೋಪಿ ಹಾಕ್ಕೊಳ್ಳಿ ಅಂತಿದ್ದೆ. ಇದಕ್ಕೆ ಏಳು ವರ್ಷ ಬೇಕಂತೆ. ನಂಗೀಗ ಅರವತ್ತಮೂರು," ಎಂದರು. ಯಾರೂ ನಗಲಿಲ್ಲ. "ನನ್ನ ಅಂಗಡೀಲಿ ಒಂದು ಪದ್ಧತಿ ಇತ್ತು. ಕೆಡಿಸಿದ ತಲೆಯನ್ನ ಇನ್ನೊಬ್ಬರ ಅಂಗಡಿಗೆ ಕಳಿಸ್ತಿರಲಿಲ್ಲ. ಸರಿಹೋಗೋವರೆಗೂ ನಾನೇ ನೋಡ್ಕೋತಿದ್ದೆ. ಮೇಡಂ, ನಂಗೆ ಮಿಷನ್ ಬೇಡ, ಕತ್ತರಿ ಬೇಡ. ಇದು ಬೆಳೆಯೋವರೆಗೂ ಇಲ್ಲಿ ಇರೋಕೆ ಬಿಡಿ."

ಈ ಮನುಷ್ಯನಿಂದ ಸುಳ್ಳು ಹೇಳಿಸಹೊರಟಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಮೇಡಂ ಜನರನ್ನು ಸರಿಸಿಕೊಂಡು ಮುಂದೆ ಬಂದರು. "ನಾಳೆ ಬೇಗ ಬನ್ನಿ," ಎಂದರು, "ಬೀಜ ಆರಿಸೋದಿದೆ. ನಿಧಾನದ ಕೆಲಸ. ಏಳು ವರ್ಷ ನಂಗೆ ಬೇಸರ ಆಗದ ಹಾಗೆ ಮಾತಾಡ್ತಿರಬೇಕು."

ಭಾವ ಏನೋ ಹೇಳಲು ಬಾಯಿ ತೆರೆದರು. ಮಾತೇ ಹೊರಡಲಿಲ್ಲ.